ಓಲೆಯಿಂದ ಗಣಕಕ್ಕೆ: ಶ್ರುತಭಂಡಾರಗಳ ಸಂರಕ್ಷಣೆ ಮತ್ತು ಸಾರ್ವಜನಿಕ ಗ್ರಂಥಾಲಯ ನೀತಿ

1. ವಿಷಯ ಪ್ರವೇಶ

ಗ್ರಂಥಾಲಯಗಳಿಗೆ ಸಂಬಂಧಿಸಿದ ಇತ್ತೀಚಿನ ನೀತಿಪತ್ರಗಳನ್ನು ಅವಲೋಕಿಸಿದರೆ ಎರಡು ಶಬ್ದಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದು 'ಸುಸ್ಥಿರತೆ', ಇನ್ನೊಂದು 'ಡಿಜಿಟಲೀಕರಣ'. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದರ ಅಂಗವಾಗಿ ಜಗತ್ತಿನ ಸಾಂಸ್ಕೃತಿಕ ಹಾಗೂ ಪ್ರಾಕೃತಿಕ ಪರಂಪರೆಯ ರಕ್ಷಣೆಯೂ ಸೇರಿದೆ. ಯುನೆಸ್ಕೋ ಮತ್ತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟಗಳು 2022ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯು ಈ ಎರಡು ಆಶಯಗಳನ್ನೂ ಗ್ರಂಥಾಲಯದ ಕರ್ತವ್ಯಗಳೊಡನೆ ಜೋಡಿಸಿದೆ. ಭಾರತದಲ್ಲಿ 2003ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾಯಿತು. ಕೇಂದ್ರ ಸರಕಾರದ 2025-26ರ ಆಯವ್ಯಯದಲ್ಲಿ 'ಜ್ಞಾನ ಭಾರತಂ' ಎಂಬ ಯೋಜನೆಯನ್ನು ಘೋಷಿಸಿ, ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ ಮತ್ತು ಸಂರಕ್ಷಣೆಯನ್ನು ಅದರ ಉದ್ದೇಶವೆಂದು ಸಾರಲಾಯಿತು.

ಶಬ್ದಗಳು ಹೊಸವು. ಅವುಗಳ ಹಿಂದಿನ ಪ್ರಶ್ನೆಯಾದರೋ ಹಳೆಯದು. ನಶ್ವರವಾದ ವಸ್ತುವಿನ ಮೇಲೆ ಬರೆದ ಶ್ರುತವನ್ನು ಮುಂದಿನ ತಲೆಮಾರಿಗೆ ತಲುಪಿಸುವುದು ಹೇಗೆ ಎಂಬುದೇ ಆ ಪ್ರಶ್ನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಶ್ರುತಭಂಡಾರಗಳು ಈ ಪ್ರಶ್ನೆಗೆ ಎಂಟು ಒಂಬತ್ತು ಶತಮಾನಗಳಷ್ಟು ದೀರ್ಘವಾದ ಉತ್ತರವನ್ನು ಕೊಟ್ಟಿವೆ. ಆ ಅನುಭವದ ಬೆಳಕಿನಲ್ಲಿ ಇಂದಿನ ನೀತಿಯನ್ನು ಪರಿಶೀಲಿಸಿ, ಅದರಲ್ಲಿ ಗ್ರಾಹ್ಯವಾದುದು ಯಾವುದು, ಕೊರತೆಯಾದುದು ಯಾವುದು ಎಂದು ನಿರ್ಣಯಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಪ್ರದೇಶ ಮತ್ತು ಅದರ ಗ್ರಂಥಸಂಪತ್ತು

ತುಳುನಾಡಿನ ಈ ಮೂರು ತಾಲೂಕುಗಳು ಜೈನ ಅರಸುಮನೆತನಗಳ ಆಶ್ರಯದಲ್ಲಿ ಬೆಳೆದ ನೆಲವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಪುತ್ತಿಗೆಯ ಚೌಟರು, ಬಂಗಾಡಿ ಹಾಗೂ ನಂದಾವರಗಳ ಬಂಗರು, ವೇಣೂರಿನ ಅಜಿಲರು ಬಸದಿಗಳಿಗೂ ಮಠಗಳಿಗೂ ಪೋಷಕರಾಗಿದ್ದರು. ಮೂಡುಬಿದಿರೆಯ ಸಾವಿರಕಂಬದ ಬಸದಿ 1430ರಲ್ಲಿ ಕಟ್ಟಿಸಲ್ಪಟ್ಟಿತು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣಾಜಿಲನು ಬಾಹುಬಲಿ ಮೂರ್ತಿಯನ್ನು ಸ್ಥಾಪಿಸಿದನು. 'ಭರತೇಶ ವೈಭವ'ದ ಕರ್ತೃವಾದ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಮೂಡುಬಿದಿರೆಯಲ್ಲಿ ಬಾಳಿದ ಕವಿ. ಬಸದಿಯಿದ್ದಲ್ಲಿ ಪೂಜೆ, ಪೂಜೆಯಿದ್ದಲ್ಲಿ ಸ್ವಾಧ್ಯಾಯ, ಸ್ವಾಧ್ಯಾಯವಿದ್ದಲ್ಲಿ ಗ್ರಂಥ ಎಂಬ ಕ್ರಮದಲ್ಲಿ ಮಠಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಓಲೆಕಟ್ಟುಗಳು ಸಂಗ್ರಹವಾದವು.

ಇವುಗಳಲ್ಲಿ ಶಿಖರಪ್ರಾಯವಾದುವು ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಬಂಧ ಗ್ರಂಥಗಳ ತಾಡವಾಲೆಗಳು. ಮಠದ ಭಂಡಾರವೂ ಶ್ರೀಮತಿ ರಮಾರಾಣಿ ಜೈನ ಸಂಶೋಧನಾ ಕೇಂದ್ರವೂ ಅದೇ ಊರಿನಲ್ಲಿವೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಶ್ರೀ ಮಂಜುನಾಥೇಶ್ವರ ಸಾಂಸ್ಕೃತಿಕ ಸಂಶೋಧನಾ ಪ್ರತಿಷ್ಠಾನವು ಹಸ್ತಪ್ರತಿಗಳ ಸಂಗ್ರಹ ಮತ್ತು ಅಧ್ಯಯನಕ್ಕೆ ನೆಲೆಯಾಗಿದೆ. ಬಂಟ್ವಾಳದ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ಜನಜೀವನದ ವಸ್ತುಗಳೊಡನೆ ಗ್ರಂಥಗಳನ್ನೂ ಕಾಪಾಡುತ್ತಿದೆ. ಇವೆಲ್ಲವೂ ಹೆಸರುಳ್ಳ ಸ್ಥಾನಗಳು. ಹೆಸರಿಲ್ಲದೆ ಹಳೆಯ ಗುತ್ತುಬೀಡುಗಳ ಅಟ್ಟದಲ್ಲಿ, ಪುರೋಹಿತರ ಮನೆಯ ಪೆಟ್ಟಿಗೆಯಲ್ಲಿ ಉಳಿದಿರುವ ಓಲೆಗಳು ಬೇರೆಯೇ ಇವೆ. ನೀತಿಯ ನಿಜವಾದ ಪರೀಕ್ಷೆ ಆಗುವುದು ಇಂತಹ ಓಲೆಗಳ ವಿಷಯದಲ್ಲಿ.

ಈ ಪ್ರದೇಶದ ಹವೆ ಓಲೆಗೆ ಅನುಕೂಲವಾದುದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ, ಜೂನ್ ಮೊದಲ್ಗೊಂಡು ನಾಲ್ಕು ತಿಂಗಳ ತೇವ, ಗೆದ್ದಲು, ಇರುವೆ, ಗ್ರಂಥಕೀಟಗಳು, ನದಿಯ ನೆರೆ, ಇವೆಲ್ಲ ಸೇರಿ ಗ್ರಂಥವನ್ನು ಪೀಡಿಸುತ್ತವೆ. ನೇತ್ರಾವತಿಯ ದಡದಲ್ಲಿರುವ ಬಂಟ್ವಾಳ ಪೇಟೆ 1923ರಲ್ಲಿಯೂ 1974ರಲ್ಲಿಯೂ ಕಂಡ ನೆರೆಗಳು ಇಂದಿಗೂ ಜನರ ನೆನಪಿನಲ್ಲಿವೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗಳು ಜಲಪ್ರಳಯಕ್ಕೆ ತುತ್ತಾದವು. ಒಂದೇ ಪ್ರತಿಯಲ್ಲಿ, ಒಂದೇ ಮನೆಯಲ್ಲಿ ಉಳಿದ ಗ್ರಂಥಕ್ಕೆ ಇಂತಹ ಒಂದು ರಾತ್ರಿ ಸಾಕು.

3. ಶಾಸ್ತ್ರದಾನ: ಹಿಂದಿನವರ ಸುಸ್ಥಿರ ನೀತಿ

ಹೀಗಿದ್ದರೂ 12ನೆಯ ಶತಮಾನದ ಓಲೆ ಇಲ್ಲಿ ಉಳಿದುಬಂದುದು ಹೇಗೆ? ವಸ್ತುವಿನ ಗುಣ ಒಂದು ಕಾರಣ. ಶ್ರೀತಾಳೆಯ ಗರಿ ತೆಳುವಾಗಿ, ಮೃದುವಾಗಿ, ಬಳುಕುವಂತಿದ್ದು ಸಾಮಾನ್ಯ ತಾಳೆಗಿಂತ ಹೆಚ್ಚು ಬಾಳುತ್ತದೆ. ಆದರೆ ವಸ್ತುಗುಣವೊಂದೇ ಸಾಲದು. ಗ್ರಂಥವನ್ನು ಉಳಿಸಿದ ಮುಖ್ಯ ಕಾರಣವೆಂದರೆ ಅದರ ಸುತ್ತ ಬೆಳೆದ ಆಚಾರ.

ಮಹಾಬಂಧದ ತಾಡವಾಲೆಯ ಪ್ರಶಸ್ತಿಯಿಂದ ತಿಳಿದುಬರುವಂತೆ, ಮಲ್ಲಿಕಾದೇವಿಯೆಂಬ ಶ್ರಾವಿಕೆ ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಆ ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳು. ಧವಲದ ಪ್ರತಿಯ ಪ್ರಶಸ್ತಿಯು ದೇಮಿಯಕ್ಕನು ಶುಭಚಂದ್ರದೇವರಿಗೆ ಮಾಡಿದ ಶ್ರುತದಾನವನ್ನು ತಿಳಿಸುತ್ತದೆ. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಸುಪ್ರಸಿದ್ಧ. ಈ ಮೂರೂ ನಿದರ್ಶನಗಳಲ್ಲಿ ಒಂದು ತತ್ತ್ವ ಸಮಾನವಾಗಿದೆ. ಹಸ್ತಪ್ರತಿಯನ್ನು ಕಾಪಾಡುವುದೆಂದರೆ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದಲ್ಲ, ಅದರ ಪ್ರತಿಯನ್ನು ಮಾಡಿಸಿ ಯೋಗ್ಯರ ಕೈಗೆ ಕೊಡುವುದು. ಪ್ರತಿಗಳು ಹೆಚ್ಚಿದಷ್ಟು ಗ್ರಂಥದ ಆಯುಸ್ಸು ಹೆಚ್ಚುತ್ತದೆ.

ಇದಕ್ಕೆ ಪೂರಕವಾದುದು ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ. ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರೈಸಿದಾಗ ಚತುಸ್ಸಂಘವು ಪುಸ್ತಕವನ್ನು ಪೂಜಿಸಿದ ದಿನವೆಂದು ಪರಂಪರೆ ಅದನ್ನು ಆಚರಿಸುತ್ತದೆ. ಆ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹಲಗೆ, ದಾರಗಳನ್ನು ನೋಡಿ, ವೇಷ್ಟನವನ್ನು ಬದಲಿಸುವ ರೂಢಿಯಿದೆ. ಮಳೆ ಹಿಡಿಯುವ ಕಾಲಕ್ಕೆ ಸರಿಯಾಗಿ ಈ ಪರ್ವ ಬರುವುದು ಗಮನಾರ್ಹ. ಪೂಜೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ತಪಾಸಣೆ ಇದು. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿರಲಿಲ್ಲ, ಆದೇಶ ಬೇಕಿರಲಿಲ್ಲ. ಇಂದಿನ ಪರಿಭಾಷೆಯಲ್ಲಿ 'ಸುಸ್ಥಿರ' ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ದೊರೆಯುವುದು ಕಷ್ಟ: ಕೆಲಸ ಸಣ್ಣದು, ಆದರೆ ನಿಲ್ಲದು.

4. ಸಿದ್ಧಾಂತ ಗ್ರಂಥಗಳ ಪ್ರತಿಲಿಪಿ: ಒಂದು ಪಾಠ

ಪ್ರತಿ ಮಾಡುವುದರಿಂದ ಗ್ರಂಥ ಉಳಿಯುತ್ತದೆ. ಆದರೆ ಪ್ರತಿಯು ಮೂಲವೇ ಆಗುವುದಿಲ್ಲ. ಈ ವಿವೇಕವನ್ನು ಕಲಿಸುವ ಇತಿಹಾಸವೂ ಮೂಡುಬಿದಿರೆಯದೇ.

ವೀರಸೇನಾಚಾರ್ಯರು 9ನೆಯ ಶತಮಾನದ ಆದಿಭಾಗದಲ್ಲಿ ಧವಲ ಟೀಕೆಯನ್ನು ರಚಿಸಿದರು. ಜಯಧವಲವನ್ನು ಅವರು ಆರಂಭಿಸಿ 20 ಸಾವಿರ ಗ್ರಂಥಪ್ರಮಾಣವನ್ನು ಬರೆಯಲು, ಶಿಷ್ಯರಾದ ಜಿನಸೇನಾಚಾರ್ಯರು ಉಳಿದ 40 ಸಾವಿರವನ್ನು ಸೇರಿಸಿ ಪೂರೈಸಿದರು. ಕಾಲಾಂತರದಲ್ಲಿ ಈ ಮಹಾಗ್ರಂಥಗಳ ಪ್ರಾಚೀನ ಪ್ರತಿಗಳು ಮೂಡುಬಿದಿರೆಯಲ್ಲಿ ಮಾತ್ರ ಉಳಿದು, ದರ್ಶನಕ್ಕೆ ಲಭ್ಯವಾಗಿ, ಅಧ್ಯಯನಕ್ಕೆ ಅಲಭ್ಯವಾಗಿದ್ದವು. 1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರಾರ್ಥವಾಗಿ ಬಂದು ಓಲೆಗಳ ಜೀರ್ಣಾವಸ್ಥೆಯನ್ನು ಕಂಡರು. ಅವರ ಮತ್ತು ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರ ಪ್ರಯತ್ನದಿಂದ 1896ರಲ್ಲಿ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿಗಳ ದೇಹಾವಸಾನದ ಬಳಿಕ ಉಪಾಧ್ಯಾಯರು ಮುಂದುವರಿಸಿದರು. ಮಹಾಬಂಧದ ನಾಗರೀ ಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು ಮಾಡಿ ಮುಗಿಸಿದಾಗ 1922. ಒಟ್ಟು 26 ವರ್ಷಗಳ ಶ್ರಮ.

ಈ ನಡುವೆ ಗಜಪತಿ ಉಪಾಧ್ಯಾಯರು ಕನ್ನಡ ಲಿಪಿಯಲ್ಲಿ ಮಾಡಿಕೊಂಡ ಇನ್ನೊಂದು ಪ್ರತಿಯು ಸಹಾರನಪುರವನ್ನು ಸೇರಿತು. ಅಲ್ಲಿ ಅದರಿಂದ ನಾಗರಿಗೆ ಪ್ರತಿಯಾಯಿತು. ಆ ಸಂದರ್ಭದಲ್ಲಿ ಪಂಡಿತ ಸೀತಾರಾಮ ಶಾಸ್ತ್ರಿಗಳ ಕೈಯಿಂದ ಹೊರಟ ಪ್ರತಿಗಳು ಆರಾ, ಕಾರಂಜಾ, ಅಮರಾವತಿ ಮುಂತಾದೆಡೆಗೆ ಹರಡಿದವು. ಡಾ. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದುದು ಈ ಪರಂಪರೆಯ ಪ್ರತಿಗಳೇ. ಅಂದರೆ ತಾಡವಾಲೆಗೂ ಮುದ್ರಿತ ಪುಟಕ್ಕೂ ನಡುವೆ ಕನಿಷ್ಠ ಮೂರು ಕೈಗಳು ದಾಟಿಹೋಗಿದ್ದವು.

ಇದರ ಪರಿಣಾಮವು ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಪ್ರಕಟವಾಯಿತು. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಆ ಸೂತ್ರದಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಪೂರ್ವಾಪರ ಸಂಬಂಧವನ್ನು ನೋಡಿ ಆ ಪದ ಅಲ್ಲಿ ಇರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪದವೊಂದು ಇದ್ದರೆ ಅಥವಾ ಇಲ್ಲದಿದ್ದರೆ ಗುಣಸ್ಥಾನ ವ್ಯವಸ್ಥೆಯ ವಿವರಣೆಯೇ ಬದಲಾಗುವ ಸ್ಥಳವಾದುದರಿಂದ ಸಮಾಜದಲ್ಲಿ ಉಗ್ರವಾದ ಚರ್ಚೆ ನಡೆಯಿತು. ತರ್ಕ, ಆಗಮಾಂತರ ಪ್ರಮಾಣ, ಪರಂಪರೆ ಎಲ್ಲವೂ ಉಭಯಪಕ್ಷಗಳಿಂದ ಉದ್ಧೃತವಾದವು. ಪಾಠದ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಕ್ಷಿ ಮಾತ್ರ ಒಂದೇ ಆಗಿತ್ತು. ಮೂಡುಬಿದಿರೆಯ ತಾಡವಾಲೆಯನ್ನು ಪರಿಶೀಲಿಸಲಾಗಿ ಆ ಪದವು ಅಲ್ಲಿ ಇರುವುದು ಕಂಡುಬಂದಿತು. ಪದದ ತಾತ್ಪರ್ಯವನ್ನು ಕುರಿತ ವಾದ ಬೇರೆ, ಅದು ಇಲ್ಲಿ ಪ್ರಸ್ತುತವಲ್ಲ. ಪಾಠದ ಅಸ್ತಿತ್ವವನ್ನು ನಿರ್ಣಯಿಸಿದುದು ಓಲೆ ಎಂಬುದಷ್ಟೇ ಇಲ್ಲಿ ಮುಖ್ಯ. ಮುಂದಿನ ಸಂಪುಟಗಳಿಗೆ ಮೂಡುಬಿದಿರೆಯ ಪೂಜ್ಯ ಭಟ್ಟಾರಕರ ಮತ್ತು ಧರ್ಮದರ್ಶಿಗಳ ಅನುಮತಿಯಿಂದ ತಾಡವಾಲೆಯೊಡನೆ ಹೋಲಿಸಿದ ಪಾಠಾಂತರಗಳು ದೊರೆಯುವಂತಾದವು. 1958ರಲ್ಲಿ 16ನೆಯ ಸಂಪುಟದೊಡನೆ ಪ್ರಕಟಣೆ ಪೂರ್ಣವಾಯಿತು.

ಇದೇ ಕಾಲದಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸಿ ಫಲಟಣದಲ್ಲಿ ಇರಿಸಲಾಯಿತು. ಓಲೆ, ಕಾಗದ, ಮುದ್ರಣ, ತಾಮ್ರ ಹೀಗೆ ಒಂದೇ ಶ್ರುತಕ್ಕೆ ನಾಲ್ಕು ದೇಹಗಳು. ಇಂದಿನ ಡಿಜಿಟಲ್ ಪ್ರತಿ ಐದನೆಯದು. ತಾಮ್ರ ಎಷ್ಟೇ ಶಾಶ್ವತವಾದರೂ ಕೆತ್ತುವ ಮೊದಲು ನಿರ್ಣಯಿಸಿದ ಪಾಠವನ್ನಷ್ಟೇ ಅದು ಹೇಳಬಲ್ಲದು. ಅದು ಪಾಠವನ್ನು ಉಳಿಸುತ್ತದೆ, ಪಾಠನಿರ್ಣಯದ ಸಾಕ್ಷಿಯನ್ನು ಉಳಿಸುವುದಿಲ್ಲ. ಓಲೆಯ ಛಾಯಾಪ್ರತಿಯ ವಿಶೇಷವಿರುವುದು ಇಲ್ಲಿಯೇ. ಲಿಪಿಕಾರನ ಕಣ್ಣು, ಕೈಗಳ ಸ್ಖಾಲಿತ್ಯವಿಲ್ಲದೆ ಅಕ್ಷರದ ರೂಪ, ಅಳಿಸಿದ ಗುರುತು, ಅಂಚಿನ ತಿದ್ದುಪಡಿ, ಒಡೆದ ಮೂಲೆಗಳನ್ನೂ ಅದು ವಿದ್ವಾಂಸನ ಮುಂದಿಡಬಲ್ಲದು. 1939ರಲ್ಲಿ ಅಂತಹ ಛಾಯಾಪ್ರತಿ ಸಂಪಾದಕರ ಕೈಯಲ್ಲಿದ್ದಿದ್ದರೆ ಪಾಠದ ಪ್ರಶ್ನೆ ಟಿಪ್ಪಣಿಯಲ್ಲಿಯೇ ಮುಗಿಯುತ್ತಿತ್ತು.

ಮಹಾಬಂಧದ ಮುದ್ರಿತ ಸಂಪುಟಗಳಲ್ಲಿ ಕಾಣುವ ಪಾಠಲೋಪಗಳು ಇನ್ನೊಂದು ಎಚ್ಚರಿಕೆ. ಪ್ರತಿ ತೆಗೆಯುವಷ್ಟರಲ್ಲಿ ಓಲೆ ತ್ರುಟಿತವಾಗಿದ್ದ ಸ್ಥಳಗಳವು. ಅಲ್ಲಿ ಕಳೆದುಹೋದುದನ್ನು ಯಾವ ಯಂತ್ರವೂ ಮರಳಿ ತರಲಾರದು. ಆದುದರಿಂದ ವಿಳಂಬವೂ ಒಂದು ಬಗೆಯ ನಾಶವೇ.

5. ಡಿಜಿಟಲ್ ಪ್ರತಿಯ ಸ್ವರೂಪ ಮತ್ತು ಭಾರ

ಡಿಜಿಟಲೀಕರಣವೆಂದರೆ ಓಲೆಯ ಚಿತ್ರವನ್ನು ಅಂಕಿಗಳ ರೂಪದಲ್ಲಿ ಗಣಕಕ್ಕೆ ಇಳಿಸುವುದು. ಚಿತ್ರ ತೆಗೆಯುವುದಕ್ಕೆ ಮೊದಲೇ ಓಲೆಗೆ ಉಪಚಾರವಾಗಬೇಕು. ಮೃದುವಾದ ಕುಂಚದಿಂದ ಧೂಳು ತೆಗೆಯುವುದು, ಒಣಗಿ ಸೆಟೆದ ಗರಿಗೆ ನಿಂಬೆಹುಲ್ಲಿನ ಎಣ್ಣೆಯಂತಹ ಲಘುತೈಲವನ್ನು ಸವರುವುದು, ಕಂಟದಿಂದ ಕೊರೆದು ಮಸಿ ಮಾಸಿದ ಅಕ್ಷರಗಳಿಗೆ ದೀಪದ ಕಾಡಿಗೆಯನ್ನು ತೀಡುವುದು ವಾಡಿಕೆ. ಲೇಖನಿಯಿಂದ ಮಸಿಯಲ್ಲಿ ಬರೆದ ಓಲೆಗೆ ಈ ಎಣ್ಣೆ, ಕಾಡಿಗೆಗಳ ಉಪಚಾರ ಸಲ್ಲದು, ಅಕ್ಷರವೇ ಹರಡಿಹೋಗುವ ಭಯವಿದೆ. ಬೆಳಕಿನ ವಿಷಯದಲ್ಲಿಯೂ ಭೇದವುಂಟು. ಕೊರೆದ ಅಕ್ಷರ ಪಕ್ಕದಿಂದ ಬಿದ್ದ ಓರೆಬೆಳಕಿನಲ್ಲಿ ಸ್ಫುಟವಾಗುತ್ತದೆ. ಬರೆದ ಅಕ್ಷರಕ್ಕೆ ಸಮವಾಗಿ ಹರಡಿದ ಬೆಳಕು ಬೇಕು. ಯಾವ ಓಲೆ ಯಾವ ಬಗೆಯದು ಎಂದು ತಿಳಿದವನು ಪಕ್ಕದಲ್ಲಿ ಇಲ್ಲದಿದ್ದರೆ ಯಂತ್ರ ಎಷ್ಟು ಉತ್ತಮವಾದರೂ ಕೆಲಸ ಕೆಡುತ್ತದೆ.

ಪರಿಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 50 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಒಂದು ಗರಿಯನ್ನು ಅಂಗುಲಕ್ಕೆ 600 ಬಿಂದುಗಳಂತೆ ವರ್ಣಸಹಿತವಾಗಿ ಗ್ರಹಿಸಿದರೆ ಒಂದು ಮುಖಕ್ಕೆ ಸುಮಾರು 1 ಕೋಟಿ 39 ಲಕ್ಷ ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ ಮೂರು ಬೈಟ್‌ಗಳಂತೆ ಸಂಕೋಚಿಸದ ಚಿತ್ರ ಸುಮಾರು 42 ಮೆಗಾಬೈಟ್. 200 ಗರಿಗಳ ಒಂದು ಗ್ರಂಥಕ್ಕೆ 400 ಮುಖಗಳು, ಸುಮಾರು 17 ಗಿಗಾಬೈಟ್. ಇಂತಹ ಸಾವಿರ ಕಟ್ಟುಗಳಿರುವ ಭಂಡಾರಕ್ಕೆ 17 ಟೆರಾಬೈಟ್. ಸುರಕ್ಷತೆಗಾಗಿ ಮೂರು ಪ್ರತಿಗಳನ್ನಿಟ್ಟರೆ 50 ಟೆರಾಬೈಟಿಗೂ ಮಿಕ್ಕುತ್ತದೆ. ಪಾಠಕರಿಗೆ ಕೊಡುವ ಚಿತ್ರವನ್ನು ಸಂಕೋಚಿಸಿ ಹಗುರ ಮಾಡಬಹುದು. ಮೂಲಛಾಯೆಯನ್ನು ಮಾತ್ರ ಟಿಫ್‌ನಂತಹ ಸರ್ವಮಾನ್ಯ ರೂಪದಲ್ಲಿ, ಗುಣಹಾನಿಯಿಲ್ಲದೆ ಇಡಬೇಕೆಂಬುದು ತಜ್ಞರ ಮತ.

ಈ ಸಂಖ್ಯೆಗಳಿಗಿಂತ ಮುಖ್ಯವಾದುದು ಕಾಲ. ಓಲೆ ಶತಮಾನಗಳ ವಸ್ತು. ಗಣಕದ ಸಂಗ್ರಾಹಕ ತಟ್ಟೆ ಕೆಲವೇ ವರ್ಷಗಳ ವಸ್ತು. ಎರಡು ಮೂರು ದಶಕಗಳ ಹಿಂದೆ ಫ್ಲಾಪಿಯಲ್ಲಿ, ಸಿ.ಡಿ.ಯಲ್ಲಿ ಇಳಿಸಿಟ್ಟ ಸಾಮಗ್ರಿಯನ್ನು ಓದುವ ಯಂತ್ರವೇ ಇಂದು ಅನೇಕ ಕಡೆ ಇಲ್ಲ. ಹೀಗಾಗಿ ಐದಾರು ವರ್ಷಗಳಿಗೊಮ್ಮೆ ಸಾಮಗ್ರಿಯನ್ನು ಹೊಸ ಸಂಗ್ರಾಹಕಕ್ಕೆ ಸಾಗಿಸಬೇಕು, ಸಾಗಿಸಿದ ಮೇಲೆ ಯಥಾವತ್ತಾಗಿದೆಯೇ ಎಂದು ಪರೀಕ್ಷಿಸಬೇಕು. ಗಣಕತಜ್ಞರು ಇದಕ್ಕಾಗಿ ಪ್ರತಿಯೊಂದು ಕಡತಕ್ಕೂ ಒಂದು ಪರಿಶೀಲನಾಂಕವನ್ನು ಲೆಕ್ಕಹಾಕಿ ಇಡುತ್ತಾರೆ. ಕಡತದಲ್ಲಿ ಒಂದು ಅಂಶ ಬದಲಾದರೂ ಅಂಕ ಬದಲಾಗುತ್ತದೆ. ಶಾಸ್ತ್ರಪರಿಚಯವುಳ್ಳವರಿಗೆ ಇದು ಅಪರಿಚಿತ ವಿಚಾರವಲ್ಲ. 32 ಅಕ್ಷರಗಳ ಅನುಷ್ಟುಪ್ಪನ್ನು ಮಾನವಾಗಿ ಹಿಡಿದು ಧವಲಕ್ಕೆ 72 ಸಾವಿರ, ಜಯಧವಲಕ್ಕೆ 60 ಸಾವಿರ ಎಂದು ಗ್ರಂಥಪ್ರಮಾಣವನ್ನು ಹೇಳಿಬಂದ ಪರಂಪರೆಯ ಆಶಯವೂ ಗ್ರಂಥ ಕುಗ್ಗಬಾರದು, ಹಿಗ್ಗಬಾರದು ಎಂಬುದೇ ಅಲ್ಲವೇ? ಉಪಾಯ ಸೂಕ್ಷ್ಮವಾಗಿದೆ, ಉದ್ದೇಶ ಬದಲಾಗಿಲ್ಲ.

ಹೀಗೆ ನೋಡಿದರೆ ಡಿಜಿಟಲೀಕರಣ ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ಅದು ಪ್ರತಿ ತೆಗೆಯುವ ಪರಂಪರೆಯ ಮುಂದುವರಿಕೆ. ಯೋಜನೆಗಳು ಸಾಮಾನ್ಯವಾಗಿ ಯಂತ್ರ ಕೊಳ್ಳುವುದಕ್ಕೂ ಚಿತ್ರ ತೆಗೆಯುವುದಕ್ಕೂ ಹಣ ನೀಡುತ್ತವೆ. ಹತ್ತು ವರ್ಷಗಳ ಬಳಿಕ ಅದನ್ನು ಕಾಯುವವನ ವೇತನಕ್ಕೆ ನೀಡುವುದು ವಿರಳ. ಓಲೆಯನ್ನು ಅಟ್ಟದಲ್ಲಿ ಅಲಕ್ಷಿಸಿದರೂ ನೂರು ವರ್ಷ ಉಳಿದೀತು. ಗಣಕದ ಪ್ರತಿಯನ್ನು ಹತ್ತು ವರ್ಷ ಅಲಕ್ಷಿಸಿದರೆ ಉಳಿಯುವ ಭರವಸೆಯಿಲ್ಲ. ಸುಸ್ಥಿರತೆಯಿಲ್ಲದ ಡಿಜಿಟಲೀಕರಣ ಓಲೆಗಿಂತ ದುರ್ಬಲವಾದ ಪ್ರತಿಯನ್ನು ನಿರ್ಮಿಸಿದಂತೆಯೇ ಸರಿ.

6. ಸೂಚಿಯ ಮಹತ್ತ್ವ

ಛಾಯಾಪ್ರತಿ ಎಷ್ಟೇ ಇದ್ದರೂ ಅದರಲ್ಲಿ ಏನಿದೆ ಎಂದು ತಿಳಿಯದಿದ್ದರೆ ಅದು ಇದ್ದೂ ಇಲ್ಲದಂತೆ. ಈ ದಿಶೆಯಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' ಇಂದಿಗೂ ಮಾರ್ಗದರ್ಶಕ. ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ಈ ಸೂಚಿಯು ಮೂಡುಬಿದಿರೆಯ ಮಠ, ಸಿದ್ಧಾಂತ ಬಸದಿ ಮೊದಲಾದವುಗಳ ಜತೆಗೆ ಕಾರ್ಕಳ, ಅಳಿಯೂರುಗಳ ಸಂಗ್ರಹಗಳನ್ನೂ ಒಳಗೊಂಡಿದೆ. ಗಣಕವಾಗಲಿ ವಿದ್ಯುದ್ದೀಪದ ಅನುಕೂಲವಾಗಲಿ ಇಲ್ಲದ ದಿನಗಳಲ್ಲಿ ಕಟ್ಟುಗಳನ್ನು ಬಿಚ್ಚಿ ಓದಿ ಸಿದ್ಧಪಡಿಸಿದ ಆ ಸೂಚಿಯಿಂದಲೇ ದೇಶದ ಇತರ ಭಾಗಗಳ ವಿದ್ವಾಂಸರಿಗೆ ಈ ಭಂಡಾರಗಳ ಪರಿಚಯವಾಯಿತು.

ಇಂದು ಸಿದ್ಧವಾಗುವ ಗಣಕಸೂಚಿಗಳಲ್ಲಿ ಗ್ರಂಥನಾಮ, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ ಇವಿಷ್ಟು ಸಾಮಾನ್ಯವಾಗಿ ಇರುತ್ತವೆ. ಇವು ಸಾಲವು. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳು ಸೇರಿರುವುದು ಈ ಪ್ರದೇಶದಲ್ಲಿ ಸಾಮಾನ್ಯ. ಮೊದಲ ಕೃತಿಯ ಹೆಸರನ್ನಷ್ಟೇ ಬರೆದರೆ ಉಳಿದವು ಮರೆಯಾಗುತ್ತವೆ. ಆದ್ಯಂತ ವಾಕ್ಯಗಳು, ಪ್ರಶಸ್ತಿ, ಬರೆಯಿಸಿದವರ ಹೆಸರು, ಬರೆದ ಸಂವತ್ಸರ, ತ್ರುಟಿತ ಗರಿಗಳ ಸಂಖ್ಯೆ, ಉದ್ದಗಲಗಳನ್ನು ಅವಶ್ಯವಾಗಿ ಸೇರಿಸಬೇಕು. ಭುಜಬಲಿ ಶಾಸ್ತ್ರಿಗಳ ಸೂಚಿಯ ಹಳೆಯ ಕ್ರಮಾಂಕವನ್ನೂ ಹೊಸ ಕ್ರಮಾಂಕದ ಜತೆಗೆ ತೋರಿಸಬೇಕು. ಇಲ್ಲದಿದ್ದರೆ ಕಳೆದ ಮುಕ್ಕಾಲು ಶತಮಾನದಲ್ಲಿ ಆ ಅಂಕಗಳನ್ನು ಆಧರಿಸಿ ಬಂದ ಸಂಪಾದನೆಗಳ ಎಳೆ ಕಡಿದುಹೋಗುತ್ತದೆ.

ಲಿಪಿಯ ಪ್ರಶ್ನೆ ಇನ್ನೂ ಗಹನವಾದುದು. ಮಠಗಳ ಜೈನಗ್ರಂಥಗಳು ಬಹುಮಟ್ಟಿಗೆ ಹಳೆಯ ಕನ್ನಡ ಲಿಪಿಯಲ್ಲಿವೆ. ನೆರೆಯ ವೈದಿಕ ಮನೆತನಗಳ ಓಲೆಗಳಲ್ಲಿ ತಿಗಳಾರಿ ಅಥವಾ ತುಳುಲಿಪಿಯ ಬಳಕೆ ವಿಶೇಷ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆತಿರುವುದರಿಂದ ಆ ಲಿಪಿಯ ಪಾಠವನ್ನು ಅದೇ ಲಿಪಿಯಲ್ಲಿ ಗಣಕದಲ್ಲಿರಿಸುವ ಮಾರ್ಗ ತೆರೆದಿದೆ. ಆದರೆ ಲಿಪಿಗೆ ಸಂಕೇತ ದೊರೆತ ಮಾತ್ರಕ್ಕೆ ಓದುಗ ದೊರೆತಂತಾಗುವುದಿಲ್ಲ. ಓಲೆಯನ್ನು ನಿರರ್ಗಳವಾಗಿ ಓದಿ, ಪ್ರಾಕೃತ, ಸಂಸ್ಕೃತ, ಹಳಗನ್ನಡಗಳಲ್ಲಿ ಪಾಠವನ್ನು ತೂಗಬಲ್ಲವರು ದಿನೇ ದಿನೇ ವಿರಳರಾಗುತ್ತಿದ್ದಾರೆ. ಅವರು ಇರುವಾಗಲೇ ಸೂಚಿಯ ಕಾರ್ಯ ಆಗಬೇಕು, ಅವರ ಬಳಿ ಕುಳಿತು ಕಲಿಯುವವರಿಗೆ ಜೀವನೋಪಾಯ ದೊರೆಯಬೇಕು. ನೀತಿಪತ್ರಗಳಲ್ಲಿ ಯಂತ್ರಕ್ಕೆ ಇರುವ ಸ್ಥಾನ ಓದುಗನಿಗೆ ಇಲ್ಲದಿರುವುದು ಅವುಗಳ ದೊಡ್ಡ ಕೊರತೆ.

7. ಸಾರ್ವಜನಿಕ ಗ್ರಂಥಾಲಯದ ಪಾತ್ರ

ಶ್ರುತಭಂಡಾರ ಮಠ ಮನೆತನಗಳದ್ದು, ಗ್ರಂಥಾಲಯ ಸರಕಾರದ್ದು, ಇವೆರಡಕ್ಕೂ ಸಂಬಂಧವೇನು ಎಂಬ ಶಂಕೆ ಸಹಜ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ವ್ಯಾಪ್ತಿಗೆ ಮೊದಲೇ ಒಳಪಟ್ಟಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಬಳಿಕ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಇಲ್ಲಿಗೂ ಅನ್ವಯವಾಯಿತು. ಆಸ್ತಿ ತೆರಿಗೆಯೊಡನೆ ಶೇಕಡಾ 6ರಂತೆ ಸಂಗ್ರಹವಾಗುವ ಗ್ರಂಥಾಲಯ ಕರ ಈ ವ್ಯವಸ್ಥೆಯ ಆಧಾರ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡು, ಈಗ 'ಅರಿವು ಕೇಂದ್ರ' ಎಂಬ ಹೆಸರನ್ನೂ ಪಡೆದಿವೆ. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಹಳ್ಳಿಯ ಗ್ರಂಥಾಲಯದಲ್ಲಿ ಗಣಕವೂ ಅಂತರ್ಜಾಲವೂ ಪ್ರವೇಶಿಸಿರುವುದು ಶುಭಸೂಚನೆ.

ಈ ಗ್ರಂಥಾಲಯಗಳು ಓಲೆಯನ್ನು ಇಟ್ಟುಕೊಳ್ಳಬೇಕೆಂದು ಹೇಳುವುದು ಯುಕ್ತವಲ್ಲ. ಅದಕ್ಕೆ ಬೇಕಾದ ಸ್ಥಳ, ಹವಾನಿಯಂತ್ರಣ, ತರಬೇತು ಅಲ್ಲಿಲ್ಲ. ಬಸದಿಯ ಗ್ರಂಥ ಪೂಜಾರ್ಹವೂ ಹೌದು, ಅದರ ಸ್ಥಾನ ಬಸದಿಯೇ. ಆದರೆ ಗ್ರಂಥಾಲಯ ಮಾಡಬಹುದಾದ ಕಾರ್ಯಗಳು ಮೂರು ಇವೆ.

ಮೊದಲನೆಯದು ಮಾಹಿತಿ. ಯಾವ ಮನೆಯಲ್ಲಿ ಓಲೆಯಿದೆ ಎಂಬುದು ಊರಿನವರಿಗೆ ತಿಳಿದಿರುತ್ತದೆ, ದೂರದ ಸಂಸ್ಥೆಗೆ ತಿಳಿದಿರುವುದಿಲ್ಲ. 75 ವರ್ಷಕ್ಕೆ ಕಡಮೆಯಿಲ್ಲದ, ಮಹತ್ತ್ವವುಳ್ಳ ಕೈಬರಹವನ್ನು ಹಸ್ತಪ್ರತಿಯೆಂದು ರಾಷ್ಟ್ರೀಯ ಮಿಷನ್ ಪರಿಗಣಿಸಿತು. ಇಷ್ಟನ್ನು ಅರಿತ ಗ್ರಂಥಪಾಲಕನು ಮನೆಯವರಿಗೆ ಓಲೆಯನ್ನು ನದಿಗೆ ಬಿಡಬೇಡಿ, ಒಲೆಗೆ ಹಾಕಬೇಡಿ ಎಂದು ತಿಳಿಹೇಳಿ, ಮೂಡುಬಿದಿರೆಯ ಅಥವಾ ಧರ್ಮಸ್ಥಳದ ತಜ್ಞರಿಗೆ ಸುದ್ದಿ ಮುಟ್ಟಿಸಬಲ್ಲನು. ಒಡೆತನ ಮನೆಯವರದೇ ಆಗಿ ಉಳಿಯುತ್ತದೆ ಎಂಬ ಭರವಸೆಯನ್ನು ಬರೆಹದಲ್ಲಿ ಕೊಟ್ಟರೆ ಸಂಕೋಚ ಬಹುಮಟ್ಟಿಗೆ ನಿವಾರಣೆಯಾದೀತು.

ಎರಡನೆಯದು ಪ್ರವೇಶ. ಸೂಚಿಯೂ, ಭಂಡಾರದವರು ಒಪ್ಪಿದ ಛಾಯಾಪ್ರತಿಗಳೂ ತಾಲೂಕು ಗ್ರಂಥಾಲಯದಲ್ಲಿ ನೋಡಲು ದೊರೆತರೆ ವೇಣೂರಿನ ವಿದ್ಯಾರ್ಥಿ ದೂರದ ನಗರಕ್ಕೆ ಹೋಗಬೇಕಾಗಿಲ್ಲ. ಇಲ್ಲಿ ಅನುಮತಿಯ ಪ್ರಶ್ನೆ ಬರುತ್ತದೆ. ಸಿದ್ಧಾಂತ ಗ್ರಂಥಗಳ ಪಠನಾಧಿಕಾರದ ಬಗ್ಗೆ ಪರಂಪರೆಯಲ್ಲಿ ನಿಯಮಗಳಿವೆ, ಮಂತ್ರ ಮತ್ತು ವೈದ್ಯ ಗ್ರಂಥಗಳ ಬಗ್ಗೆ ಕುಟುಂಬಗಳಿಗೆ ಮರ್ಯಾದೆಗಳಿವೆ. ಅನುಮತಿಯಿಲ್ಲದೆ ಹೊರಬಂದ ಪ್ರತಿಯಿಂದ ಗ್ರಂಥ ಪ್ರಚಾರಕ್ಕೆ ಬಂದರೂ ಶುದ್ಧಪಾಠ ದೊರೆತುದು ಭಂಡಾರದ ಬಾಗಿಲು ಸೌಹಾರ್ದದಿಂದ ತೆರೆದ ಮೇಲೆಯೇ ಎಂಬುದನ್ನು ಧವಲದ ಇತಿಹಾಸ ತೋರಿಸಿದೆ. ಆದುದರಿಂದ ಸೂಚಿ ಎಲ್ಲರಿಗೂ, ಛಾಯಾಪ್ರತಿ ಒಪ್ಪಿಗೆಯಂತೆ ಎಂಬ ನಿಯಮ ಯುಕ್ತವೆನಿಸುತ್ತದೆ.

ಮೂರನೆಯದು ಮುದ್ರಿತ ಸಾಮಗ್ರಿಯ ರಕ್ಷಣೆ. ಓಲೆಯ ಬಗ್ಗೆ ಇರುವ ಆದರ ಹಳೆಯ ಮುದ್ರಿತ ಪುಸ್ತಕಕ್ಕೆ ಇಲ್ಲ. ಆದರೆ 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮಧ್ಯದವರೆಗಿನ ಕಾಗದವು ಬಹುಪಾಲು ಆಮ್ಲೀಯವಾದುದು, ತಾನಾಗಿಯೇ ಕಂದಿ ಪುಡಿಯಾಗುವಂತಹುದು. 12ನೆಯ ಶತಮಾನದ ಓಲೆ ಇನ್ನೂ ಓದಲು ಬರುತ್ತಿರುವಾಗ, ಅದರಿಂದ ಮುದ್ರಿಸಿದ ಆ ಕಾಲದ ಸಂಪುಟದ ಪುಟ ತಿರುವಿದರೆ ಮುರಿಯುವಂತಾಗಿರುವುದು ವಿಪರ್ಯಾಸ. ಹಳೆಯ ಜೈನ ಪತ್ರಿಕೆಗಳು, ಪಂಚಕಲ್ಯಾಣ ಹಾಗೂ ಮಹಾಮಸ್ತಕಾಭಿಷೇಕಗಳ ಸ್ಮರಣ ಸಂಚಿಕೆಗಳು, ಬಸದಿಗಳ ಜೀರ್ಣೋದ್ಧಾರದ ವರದಿಗಳು, ಪಾಠಶಾಲೆಯ ಪುಸ್ತಕಗಳು ಸಾರ್ವಜನಿಕ ಗ್ರಂಥಾಲಯದ ನೇರ ಹೊಣೆಯಾಗಬಲ್ಲವು. ಇವುಗಳ ಸಂಗ್ರಹಕ್ಕೆ ಲಿಪಿತಜ್ಞರೂ ಬೇಕಿಲ್ಲ, ಶ್ರದ್ಧೆಯಿದ್ದರೆ ಸಾಕು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಸುಸ್ಥಿರತೆ ಮತ್ತು ಡಿಜಿಟಲೀಕರಣ ಎರಡು ಬೇರೆ ಗುರಿಗಳಲ್ಲ, ಮೊದಲನೆಯದಿಲ್ಲದೆ ಎರಡನೆಯದು ನಿಲ್ಲದು. ಛಾಯಾಪ್ರತಿ ದೊರೆತ ಮೇಲೂ ಓಲೆಯನ್ನು ಕಾಪಾಡಲೇಬೇಕು, ಏಕೆಂದರೆ ಅಂತಿಮ ಸಾಕ್ಷಿ ಅದೇ. ಪ್ರತಿಯು ಒಂದೇ ಸ್ಥಳದಲ್ಲಿರಬಾರದು. ನದಿಯ ದಡದ ಊರಿನ ಗ್ರಂಥದ ಒಂದು ಪ್ರತಿಯಾದರೂ ದೂರದಲ್ಲಿರಬೇಕು. ಸೂಚಿಯಿಲ್ಲದ ಚಿತ್ರ ವ್ಯರ್ಥ, ಓದುಗನಿಲ್ಲದ ಸೂಚಿ ಮೂಕ. ಅನುದಾನವು ಆರಂಭದ ವರ್ಷಕ್ಕೆ ಸೀಮಿತವಾಗದೆ ಪ್ರತಿವರ್ಷವೂ ಸ್ವಲ್ಪವಾಗಿಯಾದರೂ ಹರಿಯಬೇಕು.

ಕೊನೆಯ ಅಂಶವನ್ನು ಕಾರ್ಯಕ್ಕೆ ತರಲು ಹೊಸ ಪರ್ವವನ್ನು ಹುಡುಕಬೇಕಾಗಿಲ್ಲ. ಶ್ರುತಪಂಚಮಿಯಂದು ಓಲೆಕಟ್ಟುಗಳನ್ನು ಬಿಚ್ಚಿ ನೋಡುವಂತೆಯೇ ಗಣಕದ ಪ್ರತಿಗಳನ್ನೂ ತೆರೆದು, ಪರಿಶೀಲನಾಂಕವನ್ನು ಹೋಲಿಸಿ, ಕೆಟ್ಟುದನ್ನು ಬೇರೆಡೆಯ ಪ್ರತಿಯಿಂದ ಸರಿಪಡಿಸಿ, ಆ ವರ್ಷ ನೋಡಿದ ಗ್ರಂಥಗಳ ಪಟ್ಟಿಯನ್ನು ಬರೆದಿಡುವ ಪದ್ಧತಿಯನ್ನು ಮಠಗಳೂ ಸಂಶೋಧನಾ ಸಂಸ್ಥೆಗಳೂ ಕೈಗೊಳ್ಳಬಹುದು. ಮಲ್ಲಿಕಾದೇವಿಯಂತೆ ವ್ರತದ ಉದ್ಯಾಪನೆಗೆ ಒಂದು ಗ್ರಂಥದ ಛಾಯಾಪ್ರತಿ ಮತ್ತು ಸೂಚಿಯ ವೆಚ್ಚವನ್ನು ಶ್ರಾವಕ ಶ್ರಾವಿಕೆಯರು ವಹಿಸಿಕೊಂಡರೆ ಅದೂ ಶಾಸ್ತ್ರದಾನವೇ ಆಗುತ್ತದೆ. ಸರಕಾರದ ನೀತಿ ಕಾಲಕಾಲಕ್ಕೆ ಹೆಸರು ಬದಲಿಸಬಹುದು. ದಾನಿ, ಲಿಪಿಕಾರ, ಪಂಡಿತ ಈ ಮೂವರ ಸರಪಣಿ ಕಡಿಯದಿದ್ದರೆ ಶ್ರುತ ಉಳಿಯುತ್ತದೆ. ಈ ಪ್ರದೇಶದ ಭಂಡಾರಗಳೇ ಅದಕ್ಕೆ ಪ್ರಮಾಣ.